ಮೂರು ಜನ, ಹಿಂದಿನ ರೂಮು ಬಿಟ್ಟು

ಎಷ್ಟು ಜನ ಅಂತ ಕೇಳಿದ್ದಕ್ಕೆ ಮೂರು ಅಂದುಬಿಟ್ಟಿದ್ದ. ಅಷ್ಟೇ. ಅದರಲ್ಲಿ ತಲೆ ಕೆಡಿಸಿಕೊಳ್ಳೋ ಅಂಥದ್ದೇನೂ ಇಲ್ಲ ಅಂತ ಬೆಳಗ್ಗೆಯಿಂದ ತನಗೆ ತಾನೇ ಹೇಳಿಕೊಳ್ತಾ ಇದ್ದ. ಹಲ್ಲುಜ್ಜುವಾಗ ಒಂದು ಸಲ, ಬಸ್ಸಿನ ಕಂಬ ಹಿಡ್ಕೊಂಡು ನೇತಾಡುವಾಗ ಒಂದು ಸಲ, ಈಗ ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೇಲಿ ಗಿರಾಕಿಯೊಬ್ಬನ ಮೂಗಿನ ಮೇಲೆ ಆ ಭಾರದ ಪರೀಕ್ಷೆ ಫ್ರೇಮು ಕೂರಿಸಿ, ಒಂದೊಂದೇ ಗಾಜು ಸಿಗಿಸ್ತಾ ತೆಗೀತಾ, ‘ಇದು ಚೆನ್ನಾಗಿ ಕಾಣ್ಸುತ್ತಾ, ಇದಾ?’ ಅಂತ ಕೇಳುವಾಗ ಇನ್ನೊಂದು ಸಲ. ಗಿರಾಕಿ ರಿಟೈರಾದ ಲಾರಿ ಡ್ರೈವರು, ಕುರ್ಚಿ ತುಂಬ ಕೂತಿದ್ದ. ‘ಎರಡೂ ಒಂದೇ ಥರ ಇದೆ ಕಣ್ರೀ’ ಅಂದ. ‘ಸರಿಯಾಗಿ ನೋಡಿ ಹೇಳಿ.’ ‘ನೋಡೋಕಾಗಲ್ಲ ಅಂತಾನೇ ತಾನೆ ನಿಮ್ಮ ಹತ್ರ ಬಂದಿರೋದು?’ ಅಂತ ಡ್ರೈವರು ನಕ್ಕ, ಅವನ ಹೊಟ್ಟೆಯ ಜೊತೆ ಕುರ್ಚೀನೂ ನಕ್ಕಿತು. ಇವನಿಗೂ ನಗು ಬರಬೇಕಿತ್ತು. ಬದಲಿಗೆ ಎದುರಿನ ಬೋರ್ಡಿನ ಕೊನೇ ಸಾಲಲ್ಲಿ, ಯಾರೂ ಓದಲಾರದಷ್ಟು ಸಣ್ಣದಾಗಿ ಇರೋ ಅಂಕಿಗಳ ನಡುವೆ ಒಂದು ಮೂರು ಇದೆ ಅನ್ನೋದು ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ಕಣ್ಣಿಗೆ ಬಿತ್ತು. ಬಿದ್ದಿದ್ದು ಏಳೋ ಥರ ಕಾಣಲಿಲ್ಲ.

ಕೇಳಿದ್ದು ಅಂದಾಜಪ್ಪ. ಆ ಹೆಸರಿಟ್ಟಿದ್ದು ಮಗಳು. ಮಗಳಿಗೇ, ಹುಟ್ಟಿದಾಗ ಅತ್ತ ರಾಗಕ್ಕೆ, ಮನೇಲಿ ಪಿಟೀಲು ಅಂತ ಹೆಸರು ಬಿದ್ದಿತ್ತು. ಈಗ ಹದಿನೇಳಾದ್ರೂ ಆ ಹೆಸರು ಹೋಗಿರಲಿಲ್ಲ, ಅದಕ್ಕೇ ಅವಳು ಸಿಕ್ಕಸಿಕ್ಕವರಿಗೆಲ್ಲ ಹೆಸರಿಟ್ಟು ಸೇಡು ತೀರಿಸಿಕೊಳ್ತಿದ್ಲು. ಮನೆಯ ಬಿಸಿಗಾಳಿ ಮಷೀನು ಮುದಿಯಾಗಿತ್ತು. ನಡುಮನೆ ಪಕ್ಕದ ಗೂಡಲ್ಲಿ ಕೂತ್ಕೊಂಡು ಚಳಿಗೆ ಬಿಸಿ, ಬೇಸಿಗೆಗೆ ತಂಪು ಎರಡನ್ನೂ ಅದೇ ಊದಬೇಕು. ಗೋಡೆಯೊಳಗೆ ಹೂತ ತಗಡಿನ ಪೈಪುಗಳಲ್ಲಿ ಹೋಗಿ, ಪ್ರತಿ ರೂಮಿನ ಗೋಡೇಲೂ ಮೊಣಕಾಲೆತ್ತರಕ್ಕೆ ಇರೋ ಜಾಲರಿಯಿಂದ ಗಾಳಿ ಹೊರಗೆ ಬರಬೇಕು. ಎಲ್ಲ ಕಡೆ ಬರ್ತಿತ್ತು, ಹಿಂದಿನ ರೂಮು ಬಿಟ್ಟು. ಹಿಂದಿನ ರೂಮು ಅಮ್ಮಂದು. ‘ಅಜ್ಜಿ ರೂಮು ಫ್ರಿಜ್ಜು. ತರಕಾರಿ ಇಡಬಹುದು’ ಅಂತ ಪಿಟೀಲು ಎರಡು ಚಳಿಗಾಲದಿಂದ ಹೇಳ್ತಾನೇ ಇದ್ಲು. ಹೇಳಿದ್ದು ಅವಳೇ, ಅಮ್ಮ ಒಂದು ದಿನವೂ ಹೇಳಲಿಲ್ಲ. ಹಾಗಾಗಿ ಹೋದ ವಾರ ರಜೆ ದಿನ, ಹೊಸ ಮಷೀನಿಗೆ ಎಷ್ಟಾಗುತ್ತೆ ಅಂತ ಅಂದಾಜು ಹಾಕೋನು ಬಂದ. ಕೈಯಲ್ಲಿ ಕೆಂಪು ಚುಕ್ಕೆ ಬಿಡೋ ಅಳತೆ ಯಂತ್ರ, ಬಾಯಲ್ಲಿ ನಿಲ್ಲದ ಮಾತು. ಕೆಂಪು ಚುಕ್ಕೆ ಗೋಡೆಯಿಂದ ಗೋಡೆಗೆ ಹಾರ್ತಾ ಹೋಯ್ತು, ನಡುಮನೆ, ಮಲಗೋ ಕೋಣೆ, ಪಿಟೀಲಿನ ರೂಮು. ಹಿಂದಿನ ರೂಮಲ್ಲಿ ಅಮ್ಮ ಮಧ್ಯಾಹ್ನದ ನಿದ್ದೇಲಿದ್ಲು. ಅಂದಾಜಪ್ಪ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ಚುಕ್ಕೆ ಬಿಟ್ಟ. ಅದು ಎದುರಿನ ಗೋಡೆಗೆ ಹೋಗೋ ಬದಲು ಮಂಚದ ಮೇಲಿಳಿದು, ಕಂಬಳಿ ಹತ್ತಿ, ಅಮ್ಮನ ಕೆನ್ನೆ ಮೇಲೆ ಒಂದು ಗಳಿಗೆ ಕೂತ್ಕೊಂಡಿತು. ಕುಂಕುಮ ಜಾರಿದ ಹಾಗೆ. ‘ಸಾರಿ ಸಾರಿ’ ಅಂತ ಪಿಸುಗುಟ್ಟಿ ಅವನು ಕೈ ಎತ್ತಿದ, ಚುಕ್ಕೆ ಗೋಡೆಗೆ ಹಾರಿತು, ಯಂತ್ರ ಕೀಚ್ ಅಂತು. ಅಮ್ಮನ ಉಸಿರು ಅವಳ ಬಾಯಿಂದ ಸಣ್ಣ ಹೊಗೆಯ ಹಾಗೆ ಹೊರಗೆ ಬರ್ತಿತ್ತು. ಇವನು ಅದನ್ನ ನೋಡಿದ್ದ. ನೋಡಿ, ಬಾಗಿಲು ಸದ್ದಾಗದ ಹಾಗೆ ಎಳೆದಿದ್ದ.

ಆಮೇಲೆ ಅಡುಗೆಮನೇಲಿ ಚಹಾ ಕುಡೀತಾ ಅಂದಾಜಪ್ಪ ಕೇಳಿದ, ‘ಒಟ್ಟು ಎಷ್ಟು ಜನ ಸಾರ್? ಈಗಿನ ಲೆಕ್ಕ ಬೇಡ. ಮಷೀನಿಗೆ ಹದಿನೈದು ವರ್ಷ ಆಯಸ್ಸು, ಆ ಲೆಕ್ಕದಲ್ಲಿ ಹೇಳಿ. ಪರ್ಮನೆಂಟಾಗಿ ಇರೋರು.’ ಮನುಷ್ಯರ ಮೈಯೂ ಬಿಸಿ ಬಿಡುತ್ತಂತೆ, ಒಬ್ಬೊಬ್ಬರು ಒಂದೊಂದು ಬಲ್ಬು ಇದ್ದ ಹಾಗಂತೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕಂತೆ. ಮೂರು, ಅಂದ ಇವನು. ಯೋಚನೆ ಮಾಡಲಿಲ್ಲ, ಅದೇ ತಾನೆ. ಯಾರೋ ಟೈಮು ಕೇಳಿದ್ರೆ ಗಡಿಯಾರ ನೋಡಿ ಹೇಳೋ ಹಾಗೆ ಬಂತು. ಒಲೆ ಹತ್ರ ಇದ್ದ ಹೆಂಡತಿ ತಿರುಗಿ ನೋಡಿದ್ಲು. ಅವಳು ತಿದ್ದಬಹುದಿತ್ತು. ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡೋಳು, ಶೀಶೆ ಮೇಲೆ ಒಂದಕ್ಷರ ತಪ್ಪಿದ್ರೂ ತಿದ್ದಿಸೋಳು. ಆದ್ರೆ ತಿರುಗಿ, ಒಲೆ ಸಣ್ಣ ಮಾಡಿದ್ಲು. ಮೂರಂದ್ರೆ ಸಣ್ಣ ಮಷೀನು ಸಾಕು, ಹಿಂದಿನ ರೂಮನ್ನ ಲೈನಿನಿಂದ ತೆಗೆದು ಅದರ ಪೈಪಿಗೆ ಒಂದು ತಗಡು ಬಡಿದ್ರಾಯ್ತು ಅಂತ ಅಂದಾಜಪ್ಪ ಹುರುಪಲ್ಲಿ ವಿವರಿಸ್ತಾ ಹೋದ. ದೊಡ್ಡ ಮಷೀನಿಗೂ ಸಣ್ಣದಕ್ಕೂ ನಡುವೆ ಇವನ ಎರಡೂವರೆ ತಿಂಗಳ ಸಂಬಳ ಇತ್ತು. ಎದ್ದು ಹೋಗುವಾಗ ಜಾಲರಿ ಕಡೆ ಚಹಾ ಲೋಟ ತೋರಿಸಿ, ‘ಇವು ಒಂಥರಾ ಟೆಲಿಫೋನು ಸಾರ್. ಇಲ್ಲಿ ಮಾತಾಡಿದ್ದು ಹಿಂದಿನ ರೂಮಲ್ಲಿ ಹಾಗ್ಹಾಗೇ ಕೇಳುತ್ತೆ, ಒಂದೇ ಪೈಪು. ಅತ್ತೆ ಸೊಸೆ ಇರೋ ಮನೇಲಿ ನಾವು ಇದನ್ನ ಹೇಳೋದೇ ಇಲ್ಲ’ ಅಂತ ಹೇಳಿ, ತನ್ನ ಜೋಕಿಗೆ ತಾನೇ ಹೊಟ್ಟೆ ಹಿಡ್ಕೊಂಡು ಹೋದ.

ಅವತ್ತಿನಿಂದ ಇವನಿಗೆ ಶುರುವಾಯ್ತು. ಕೇಳಿಸ್ಕೊಂಡ್ಳಾ? ನಿದ್ದೇಲಿದ್ಲಲ್ಲ. ಆದ್ರೆ ಮುದುಕರ ನಿದ್ದೆ ನಿದ್ದೇನಾ, ಅದೊಂದು ಕಣ್ಣು ಮುಚ್ಚೋ ಮರ್ಯಾದೆ. ಮೂರು ಅನ್ನೋದು ಎಷ್ಟು ಸಣ್ಣ ಮಾತು, ಆ ಪೈಪಲ್ಲಿ ಹೋಗೋವಾಗಲೇ ಸವೆದು ಹೋಗಿರುತ್ತೆ. ಅಥವಾ ತಗಡಿಗೆ ಬಡಿದು ಬಡಿದು ದೊಡ್ಡದಾಗಿರುತ್ತೆ. ತಪ್ಪೇನಿದೆ ಅಂತಲೂ ವಾದ ಮಾಡ್ತಿದ್ದ. ಹದಿನೈದು ವರ್ಷ ಅಂದ್ರೆ ಅಮ್ಮನಿಗೆ ತೊಂಬತ್ತು ದಾಟುತ್ತೆ, ಲೆಕ್ಕ ಲೆಕ್ಕವೇ. ಆದ್ರೆ ಹದಿನೈದು ವರ್ಷದಲ್ಲಿ ಪಿಟೀಲು ಈ ಮನೇಲಿ ಇರ್ತಾಳಾ? ಅವಳನ್ನ ಎಣಿಸಿದ್ದ. ನೀನೇ ಇರ್ತೀಯಾ? ನಿನ್ನನ್ನ ಮೊದಲು ಎಣಿಸಿಕೊಂಡಿದ್ದೆ. ಇಲ್ಲಿಗೆ ಬಂದು ವಾದ ನಿಲ್ತಿತ್ತು, ಅವನು ಜೇಬಿಂದ ಬಟ್ಟೆ ತೆಗೆದು ತನ್ನ ಕನ್ನಡಕದ, ಒರೆಸಬೇಕಾಗಿರದ ಗಾಜನ್ನ ಒರೆಸ್ತಿದ್ದ. ಹೆಂಡತಿ ಹತ್ರ ಹೇಳೋಣ ಅಂದ್ರೆ ಅವಳು ಆಗಲೇ ಆ ಮೂರರ ಮೇಲೆ ಅಚ್ಚುಕಟ್ಟಾಗಿ ಮನೆ ಕಟ್ಟಿದ್ಲು. ‘ಅತ್ತೆಗೆ ಒಂದು ಪುಟ್ಟ ಹೀಟರು ತಂದುಕೊಡೋಣ ರೀ. ಅವರಿಗೂ ಅನುಕೂಲ, ಸ್ವಿಚ್ಚು ಅವರ ಕೈಲೇ ಇರುತ್ತೆ. ಪಿಟೀಲು ಕಾಲೇಜಿಗೆ ಅಂತ ಇಟ್ಟಿರೋದನ್ನ ಮುಟ್ಟೋದು ಬೇಡ.’ ಸರಿ ಅಂದ. ಸ್ವಿಚ್ಚು ಅವರ ಕೈಲೇ ಇರುತ್ತೆ ಅನ್ನೋ ಮಾತು ಯಾಕೋ ಕಿವೀಲೇ ಉಳೀತು. ಮಾತಾಡೋವಾಗ ಇಬ್ಬರೂ ಅಡುಗೆಮನೇಲೇ ಇದ್ರು, ಜಾಲರಿಗೆ ಬೆನ್ನು ಮಾಡಿ. ಅವನು ತುಟಿ ಮೇಲೆ ಬೆರಳಿಟ್ಟ. ಅವಳು ಅರ್ಥವಾಗದೆ, ‘ಏನ್ರೀ, ಹಲ್ಲು ನೋವಾ?’ ಅಂದ್ಲು.

ಅಮ್ಮ ರೂಮಿಂದ ಹೊರಗೆ ಬರೋದನ್ನ ಈಗ ಕಾಯ್ತಾ ಕೂರ್ತಿದ್ದ, ಮುಖದಲ್ಲಿ ಏನಾದ್ರೂ ಸಿಗುತ್ತಾ ಅಂತ. ಆದ್ರೆ ಆ ಮುಖ ಚಳಿಗಾಲದಲ್ಲಿ ಯಾವತ್ತೂ ಒಂದೇ ಸಲಕ್ಕೆ ಸಿಗ್ತಿರಲಿಲ್ಲ. ಹೊಸ್ತಿಲು ದಾಟಿ ನಡುಮನೆಗೆ ಕಾಲಿಟ್ಟ ಕೂಡಲೇ ಕನ್ನಡಕದ ಎರಡೂ ಗಾಜು ಬೆಳ್ಳಗಾಗಿಬಿಡೋವು. ಕಣ್ಣಿರಬೇಕಾದ ಕಡೆ ಎರಡು ಬಿಳೀ ಬಿಲ್ಲೆ. ಅವಳು ಹೊಸ್ತಿಲಲ್ಲೇ ಗೋಡೆಗೆ ಕೈ ಕೊಟ್ಟು, ಯಾರಿಗೂ ಅಂತಿಲ್ಲದ ಒಂದು ನಗು ಇಟ್ಕೊಂಡು, ಮಂಜು ಕರಗೋವರೆಗೂ ನಿಂತಿರೋಳು. ಎಷ್ಟೋ ಚಳಿಗಾಲದಿಂದ ಹೀಗೇ ಇತ್ತು. ಕನ್ನಡಕದವನು ಇವನು, ಕೋಟಿಂಗು ಸರಿಯಿಲ್ಲ ಅಂತ ಎರಡು ಸಲ ಗಾಜು ಬದಲಾಯಿಸಿಕೊಟ್ಟಿದ್ದ, ಒರೆಸೋಕೆ ಅಂತ ಮೆತ್ತನೆ ಬಟ್ಟೆ ಕೊಟ್ಟಿದ್ದ. ‘ಬಿಡೋ ಮರಿ, ಅದು ಅದರ ಪಾಡಿಗೆ ಕರಗುತ್ತೆ’ ಅನ್ನೋಳು. ಈ ವಾರವೂ ಹಾಗೇ ನಿಂತ್ಲು, ಕರಗಿದ ಮೇಲೆ ಅವಳ ಕಣ್ಣು ಕಂಡವು, ಕಣ್ಣಲ್ಲಿ ಏನೂ ಇರಲಿಲ್ಲ. ಊಟಕ್ಕೆ ತಟ್ಟೆ ಜೋಡಿಸ್ತಿದ್ದ ಪಿಟೀಲಿಗೆ, ‘ಮೂರು ಸಾಕು ಕಣೇ, ನನಗೆ ಹಸಿವಿಲ್ಲ, ಆಮೇಲೆ ತಿಂತೀನಿ’ ಅಂದ್ಲು. ಅವಳು ವಾರಕ್ಕೆ ಎರಡು ದಿನ ಹಾಗೆ ಹೇಳೋಳೇ. ಇವನು ಮಾತ್ರ ಜೋಡಿಸಿದ ತಟ್ಟೆಗಳನ್ನ ಇನ್ನೊಂದು ಸಲ ಎಣಿಸಿದ. ಮರುದಿನ ಹೆಂಡತಿ ಇಲ್ಲದ ಹೊತ್ತು ನೋಡಿ, ಅಡುಗೆಮನೆ ಜಾಲರಿ ಕಡೆ ಬಗ್ಗಿ, ‘ಅಮ್ಮನಿಗೆ ಹೊಸ ಫ್ರೇಮು ತಂದಿದೀನಿ’ ಅಂತ ಗೋಡೆಗೆ ಹೇಳಿ, ಅವಳು ಬರ್ತಾಳಾ ಅಂತ ಕಾದ. ಬರಲಿಲ್ಲ. ಕೇಳಿಸಿಲ್ಲ ಅಂತ ಖುಷಿಯಾಯ್ತು. ಅಥವಾ ಕೇಳಿಸಿ ಬರಲಿಲ್ವಾ ಅನ್ನೋದು ಹಿಂದೇನೇ ಬಂತು. ಹಾಗೇನಾದ್ರೂ ಬಂದಿದ್ರೆ ಕೊಡೋಕೆ ಅವನ ಹತ್ರ ಫ್ರೇಮೂ ಇರಲಿಲ್ಲ.

ಕೇಳಿಸ್ಕೊಳ್ಳೋದು ಅವಳ ಕೆಲಸವೇ ಆಗಿತ್ತು ಒಂದು ಕಾಲಕ್ಕೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಲೈನು ಜೋಡಿಸೋ ಹಲಗೆಯ ಮುಂದೆ, ಕಿವಿಗೆ ಕರೀ ಬಟ್ಟಲು ಕಟ್ಕೊಂಡು. ಸ್ಕೂಲಿಗೆ ರಜ ಇದ್ದಾಗ ಅವನು ಅವಳ ಕುರ್ಚಿ ಕೆಳಗೆ ಕೂತು ವಯರಿನ ತುಂಡುಗಳಲ್ಲಿ ಹಾವು ಮಾಡ್ತಿದ್ದ. ಮೇಲೆ ಅವಳ ಕೈಗಳು ಹಾರಾಡೋವು, ಒಂದು ತೂತಿಂದ ವಯರು ಕಿತ್ತು ಇನ್ನೊಂದಕ್ಕೆ ಚುಚ್ಚಿ, ‘ಮಾತಾಡಿ’ ಅನ್ನೋಳು. ಅಷ್ಟೇ. ಆ ‘ಮಾತಾಡಿ’ ಮುಗಿಯೋದೂ ಹೆಬ್ಬೆರಳು ತನ್ನ ಕಿವಿಯ ಲೈನು ಮುಚ್ಚೋ ಕೀಲಿ ಕೆಡವೋದೂ ಒಂದೇ ಸಲ ಆಗ್ತಿತ್ತು, ಆ ಕಡೆಯವರ ಹಲೋ ಕೂಡ ಅವಳಿಗೆ ಕೇಳಿಸ್ತಿರಲಿಲ್ಲ. ‘ಏನ್ ಮಾತಾಡ್ತಿದಾರಮ್ಮಾ ಅವ್ರು?’ ‘ನಮಗ್ಯಾಕೋ ಮರಿ? ದಾರಿ ಮಾಡಿಕೊಟ್ವಿ, ಆಯ್ತು.’ ಪಕ್ಕದ ಕುರ್ಚಿಯ ದಪ್ಪ ಅಕ್ಕ ಕೀಲಿ ಕೆಡವದೆ ಕೇಳಿಸ್ಕೊಳ್ಳೋಳು, ಯಾರ ಮನೇಲಿ ಯಾರು ಯಾರ ಜೊತೆ ಅಂತ ಊಟದ ಹೊತ್ತಲ್ಲಿ ಒದರೋಳು, ಎಲ್ಲರೂ ಬಾಯಿ ಬಿಟ್ಕೊಂಡು ಕೇಳೋರು. ಅಮ್ಮ ಮಾತ್ರ ತನ್ನ ಡಬ್ಬಿ ಎತ್ಕೊಂಡು ಕಿಟಕಿ ಹತ್ರ ಹೋಗೋಳು. ‘ಏನಮ್ಮಾ ಮಹಾತಾಯಿ, ನಿನಗೆ ಕಿವಿ ಇಲ್ವಾ?’ ಅಂದಿದ್ಲು ದಪ್ಪಕ್ಕ ಒಂದು ಸಲ. ‘ಇದೆ. ಅದಕ್ಕೊಂದು ಮುಚ್ಚಳಾನೂ ಇದೆ’ ಅಂದಿದ್ಲು ಅಮ್ಮ. ಕುರ್ಚಿ ಕೆಳಗಿನ ಹಾವಿಗೆ ಆಗ ಏನೂ ಅರ್ಥ ಆಗಿರಲಿಲ್ಲ. ಈಗ, ಡ್ರೈವರು ಎದ್ದು ಹೋದ ಮೇಲಿನ ಕತ್ತಲೆ ಕೋಣೇಲಿ ಒಬ್ಬನೇ ಕೂತಾಗ, ಆ ಮಾತು ಸ್ವಲ್ಪ ಸಮಾಧಾನ ಕೊಡ್ತು. ಅಂಥವಳು ಕೇಳಿಸ್ಕೊಂಡಿರಲ್ಲ.

ಅಂದಾಜಪ್ಪ ಎರಡನೇ ಸಲ ಬಂದಿದ್ದು ಕೆಲಸದ ದಿನವೇ, ಬೆಳಗ್ಗೆ, ಇವನು ಇನ್ನೂ ಅಂಗಡಿಗೆ ಹೊರಟಿರಲಿಲ್ಲ. ಹಿಂದಿನ ರೂಮಿನ ಪೈಪಿನ ಬಾಯಿ ಅಳೀಬೇಕಿತ್ತಂತೆ, ತಗಡು ಕತ್ತರಿಸೋಕೆ. ಅಮ್ಮ ಮಂಚದ ಮೇಲೆ ಶಾಲು ಹೊದ್ದು ಕೂತಿದ್ಲು. ಜಾಲರಿ ಮುಂದೆ ಅವಳ ಟ್ರಂಕು ಇತ್ತು. ‘ಸ್ವಲ್ಪ ಸರಿಸ್ತೀನಮ್ಮ’ ಅಂದ ಅಂದಾಜಪ್ಪ. ‘ಬೇಡಪ್ಪ’ ಅಂದ್ಲು ಅಮ್ಮ, ಬೇಗ. ಆಮೇಲೆ ತಾನೇ ನಕ್ಕು, ‘ಭಾರ ಇದೆ, ಸೊಂಟ ಹಿಡಿದೀತು.’ ‘ನಮ್ಮ ಸೊಂಟಕ್ಕೆ ವಾರಂಟಿ ಇದೆ ಅಮ್ಮ’ ಅಂತ ಅವನು ಟ್ರಂಕು ಎಳೆದ, ಸ್ಕ್ರೂ ಬಿಚ್ಚಿದ, ಜಾಲರಿ ಕೈಗೆ ಬಂತು. ಒಳಗೆ ಕತ್ತಲೆ ಇರಬೇಕಿತ್ತು. ಬದಲಿಗೆ ಹೂವಿನ ಚಿತ್ರ ಇರೋ ದಿಂಬಿನ ಕವರು. ‘ಇದೇನ್ ಸಾರ್, ಇದು ಆಗಲೇ ಮುಚ್ಚಿದೆಯಲ್ಲ!’ ಬೆರಳು ಹಾಕಿ ಎಳೆದ. ದಿಂಬಿನ ಕವರು ಬಂತು, ಹೋದ ತಿಂಗಳು ಒಗೆದ ಬಟ್ಟೇಲಿ ಒಂದು ಕಮ್ಮಿ ಅಂತ ಹೆಂಡತಿ ಹುಡುಕಿದ್ದು. ಅದರ ಹಿಂದೆ ಪಿಟೀಲಿನ ಹಳೇ ಸ್ಕೂಲಿನ ಸ್ವೆಟರು, ಮೊಣಕೈಯಲ್ಲಿ ತೂತಾಗಿದ್ದು. ಅದರ ಹಿಂದೆ ಬಿಳೀ ಟವೆಲ್ಲು, ಮೂಲೇಲಿ ಆಸ್ಪತ್ರೆಯ ಮುದ್ರೆ. ಎಳೀತಾ ಇದ್ದ ಹಾಗೆ ಬರ್ತಾನೇ ಇತ್ತು, ಜಾದೂಗಾರನ ಟೋಪಿಯಿಂದ ಬರೋ ಹಾಗೆ, ಕೊನೇಗೆ ಎಲ್ಲಕ್ಕಿಂತ ಒಳಗೆ, ತಗಡಿಗೆ ಅಂಟಿ, ಬಿಸಿಗೆ ಸುಟ್ಟು ಕಂದು ಬಣ್ಣಕ್ಕೆ ತಿರುಗಿ, ಸತ್ತು ಹೋದ ಅಪ್ಪನ ಮಫ್ಲರು. ಮಫ್ಲರು ಬಂದಿದ್ದೇ ತಡ, ಪೈಪು ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ಬೆಚ್ಚನೆ ಗಾಳಿ ಭರ್ರಂತ ಒಳಗೆ ನುಗ್ಗಿ, ಗೋಡೆ ಮೇಲಿನ ಕ್ಯಾಲೆಂಡರಿನ ಹಾಳೆ ಹಾರಾಡಿಸ್ತು.

ಮೊದಲು ಬಂದಿದ್ದು ಸಂತೋಷ. ಅದನ್ನ ಅವನು ಆಮೇಲೆ ಎಷ್ಟು ಅಲ್ಲಗಳೆದ್ರೂ ಬಂದಿದ್ದು ನಿಜ, ಎದೆಯಿಂದ ಒಂದು ಕಲ್ಲು ಜಾರಿದ ಹಾಗೆ: ಕೇಳಿಸಿಲ್ಲ! ಇಷ್ಟು ಬಟ್ಟೆ ದಾಟಿ ಮೂರು ಅನ್ನೋ ಒಂದು ಮಾತು ಹೇಗೆ ಬರುತ್ತೆ? ಅಮ್ಮನಿಗೆ ಕೇಳಿಸಿಲ್ಲ. ಆ ಸಂತೋಷ ಎರಡು ಉಸಿರು ಇತ್ತೋ ಇಲ್ವೋ. ಆಮೇಲೆ ಅವನು ನೆಲದ ಮೇಲೆ ಬಿದ್ದಿದ್ದ ಬಟ್ಟೆಗಳನ್ನ ನೋಡಿದ. ಯಾರೂ ಏನೂ ಕೇಳಿಸದೆ ಇದ್ರೆ ಕಿವಿ ಮುಚ್ಚಿಕೊಳ್ಳಲ್ಲ. ಒಂದೊಂದು ಬಟ್ಟೆಯೂ ಒಂದೊಂದು ಗಾಜು, ಒಂದು ಹಾಕಿ ಸಾಲಲಿಲ್ಲ, ಇನ್ನೊಂದು, ಈಗ ಕೇಳ್ಸುತ್ತಾ, ಈಗಲೂ ಕೇಳ್ಸುತ್ತಾ, ಹಾಗಿದ್ರೆ ಇನ್ನೊಂದು. ಅಪ್ಪನ ಮಫ್ಲರು ಅಂದ್ರೆ ಅವಳು ಈ ಮನೆಗೆ ಬಂದ ಮೊದಲನೇ ಚಳಿ. ಆ ಚಳೀಲಿ ಅವನೂ ಹೆಂಡತಿಯೂ ಅಡುಗೆಮನೇಲಿ ಏನು ಮಾತಾಡಿದ್ರು? ಏನು ಮಾತಾಡಿರಲಿಲ್ಲ? ಎಲ್ಲವನ್ನೂ ಅಲ್ಲೇ ಮಾತಾಡೋದು ಅವರು, ಅಮ್ಮನಿಗೆ ಕೇಳಿಸಬಾರದು ಅಂತಾನೇ ಅಡುಗೆಮನೆಗೆ ಹೋಗ್ತಿದ್ರು, ಬಾಗಿಲು ಹಾಕ್ಕೊಂಡು, ದನಿ ತಗ್ಗಿಸಿ, ಆ ಜಾಲರಿಯ ಪಕ್ಕದ ಸ್ಟೂಲುಗಳ ಮೇಲೆ ಕೂತು. ಮತ್ತೆ ಆ ಟವೆಲ್ಲು. ಆಸ್ಪತ್ರೆ ಮುದ್ರೆಯ ಟವೆಲ್ಲು. ಅವನಿಗೆ ಆ ಸಂಜೆ ಇಡೀ ಬಂತು, ಪಾತ್ರೆಗಳ ಸಮೇತ. ಮೂರು ವರ್ಷದ ಹಿಂದೆ ಅಮ್ಮನಿಗೆ ಎದೆಯ ಸೋಂಕಾಗಿ, ಡಾಕ್ಟರು ಕೈಚೆಲ್ಲಿ, ಆಮೇಲೆ ಅದೇನಾಯ್ತೋ ಅವಳು ಎದ್ದು ಕೂತು, ಮನೆಗೆ ಕರ್ಕೊಂಡು ಬಂದು ಮಲಗಿಸಿದ ಸಂಜೆ. ಅವನು ಅಡುಗೆಮನೆ ಸ್ಟೂಲಿನ ಮೇಲೆ ಕುಸಿದು, ಹೆಂಡತಿಗೆ ಹೇಳಿದ್ದ: ‘ಈ ಸಲ ಆಗಿಹೋಗುತ್ತೆ ಅಂದ್ಕೊಂಡಿದ್ದೆ.’

ಆ ಮಾತು ಹೇಳಿದ್ದು ನೆನಪಿದೆ. ಹೆಂಡತಿ ಅವನ ಕೂದಲಲ್ಲಿ ಕೈಯಾಡಿಸಿದ್ದು ನೆನಪಿದೆ. ಯಾವ ದನೀಲಿ ಹೇಳಿದ್ದ ಅನ್ನೋದು ಮಾತ್ರ ಎಷ್ಟು ಕೆದಕಿದ್ರೂ ಸಿಗಲಿಲ್ಲ.

‘ಮಷೀನಿಗೆ ಏನೂ ಆಗಿಲ್ಲ ಸಾರ್’ ಅಂತಿದ್ದ ಅಂದಾಜಪ್ಪ, ಸ್ವಲ್ಪ ಬೇಜಾರಲ್ಲೇ, ವ್ಯಾಪಾರ ಕೈತಪ್ಪಿದ ಬೇಜಾರು. ‘ಹಳೇದು, ಆದ್ರೂ ಇನ್ನೂ ಎರಡು ಮೂರು ಚಳಿ ತಳ್ಳುತ್ತೆ. ಈ ಮಫ್ಲರಿಗೇ ನೀವು ಅಷ್ಟು ದುಡ್ಡು ಸುರೀತಿದ್ರಿ.’ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಯಿ ಮೇಲೆ ಕೈ ಇಟ್ಕೊಂಡಿದ್ಲು. ಅವಳಿಗೂ ಒಂದೊಂದೇ ಬಟ್ಟೆ ಅರ್ಥ ಆಗ್ತಾ ಇದೆ ಅಂತ ಅವಳ ಕಣ್ಣಲ್ಲೇ ಗೊತ್ತಾಗ್ತಿತ್ತು. ಅಮ್ಮ ಶಾಲು ಸರಿಮಾಡ್ಕೊಂಡ್ಲು. ‘ಹಾಗಾದ್ರೆ ದುಡ್ಡು ಉಳೀತಲ್ಲ’ ಅಂದ್ಲು. ‘ಇಲಿ ಬರುತ್ತೆ ಅಂತ ತುರುಕಿದ್ದೆ ಕಣಪ್ಪ, ಮರೆತೇಹೋಗಿತ್ತು.’ ಇಲಿ ಅನ್ನೋದನ್ನ ಅವಳು ಎಷ್ಟು ಚೆನ್ನಾಗಿ ಹೇಳಿದ್ಲು ಅಂದ್ರೆ ಅಂದಾಜಪ್ಪ ಪೈಪಿನೊಳಗೆ ಟಾರ್ಚು ಬಿಟ್ಟು ಇಲಿ ಹುಡುಕಿದ. ಆಮೇಲೆ ಬಿಚ್ಚಿದ ಜಾಲರೀನ ಹಾಗೇ ಗೋಡೆಗೆ ಒರಗಿಸಿ, ಮೊಬೈಲು ತೆಗೆದು, ಮೂಗು ಏರಿಸಿ, ಹಳೇ ಲೆಕ್ಕ ಗಟ್ಟಿಯಾಗಿ ಓದಿದ: ‘ಅಂದ್ರೆ ಸಾರ್, ಮೂರು ಜನ, ಹಿಂದಿನ ರೂಮು ಬಿಟ್ಟು. ಇದನ್ನ ಸದ್ಯಕ್ಕೆ ಕ್ಯಾನ್ಸಲ್ ಮಾಡ್ಲಾ?’ ರೂಮಲ್ಲಿ ಬೆಚ್ಚನೆ ಗಾಳಿ ಸುಯ್ ಅಂತಿತ್ತು. ಅಂದಾಜಪ್ಪ ತಲೆ ಎತ್ತಿ ಅಮ್ಮನ್ನ ನೋಡಿದ, ಟ್ರಂಕು ನೋಡಿದ, ಏನೋ ತಪ್ಪಾಯ್ತು ಅಂತ ಅವನಿಗೂ ಅನ್ನಿಸಿರಬೇಕು, ಸರಿ ಮಾಡೋಕೆ ಹೋಗಿ, ‘ಅಮ್ಮ ಇಲ್ಲಿಗೆ ಬಂದು ಹೋಗಿ ಮಾಡ್ತಿರ್ತಾರೇನೋ?’ ಅಂದ.

ಈಗ ಹೇಳಬೇಕಿತ್ತು. ಇಲ್ಲ ಕಣಯ್ಯ, ನಮ್ಮಮ್ಮ, ಇಲ್ಲೇ ಇರೋದು, ನಾಲ್ಕು ಬರ್ಕೋ ಅಂತ. ನಾಲ್ಕಕ್ಷರದ ಕೆಲಸ. ಅವನ ನಾಲಿಗೆ ಬಾಯಲ್ಲೇ ಇತ್ತು, ಒದ್ದೆಯಾಗಿ, ಭಾರವಾಗಿ, ಬೇರೆ ಯಾರೋ ಇಟ್ಟು ಹೋದ ಹಾಗೆ. ಅವನು ಅಮ್ಮನ ಕಡೆ ನೋಡಿದ. ಅಮ್ಮ ಅವನ ಕಡೆ ನೋಡಲಿಲ್ಲ, ಆ ಮರ್ಯಾದೆಯನ್ನೂ ಅವಳೇ ಮಾಡಿದ್ಲು. ‘ಹೌದಪ್ಪ’ ಅಂದ್ಲು ಅಂದಾಜಪ್ಪನಿಗೆ, ನಗ್ತಾ. ‘ಬಂದು ಹೋಗೋಳು.’

ಆ ಮಧ್ಯಾಹ್ನ ಅಂಗಡೀಲಿ ಗಿರಾಕಿಗಳೇ ಇರಲಿಲ್ಲ. ಅವನು ಪರೀಕ್ಷೆ ಕೋಣೆ ಬಾಗಿಲು ಹಾಕ್ಕೊಂಡು, ಗಿರಾಕಿ ಕುರ್ಚೀಲಿ ತಾನೇ ಕೂತು, ಆ ಮಾತನ್ನ ಹೇಳಿ ನೋಡಿದ. ಈ ಸಲ ಆಗಿಹೋಗುತ್ತೆ ಅಂದ್ಕೊಂಡಿದ್ದೆ. ಹೆದರಿ ಪಾರಾದವನ ಹಾಗೆ ಒಂದು ಸಲ. ದಣಿದವನ ಹಾಗೆ ಒಂದು ಸಲ. ಬಸ್ಸು ತಪ್ಪಿಸಿಕೊಂಡವನ ಹಾಗೆ ಒಂದು ಸಲ. ಇದಾ, ಇದಾ? ಎಲ್ಲ ಒಂದೇ ಥರ ಇದೆ ಕಣ್ರೀ. ಮೂರನೇದು ಹೇಳಿದಾಗ ಬಾಯಿಗೆ ಆ ಮಾತು ಹಳೇ ಚಪ್ಪಲಿಯ ಹಾಗೆ ಸರಿಯಾಗಿ ಕೂತಿತು, ಅವನು ಥಟ್ಟಂತ ಎದ್ದು ದೀಪ ಹಾಕಿದ. ಎದುರಿನ ಕನ್ನಡೀಲಿ ಬೋರ್ಡು ಉಲ್ಟಾ ಕಾಣ್ತಿತ್ತು. ಫೋನು ತೆಗೆದು ಅಂದಾಜಪ್ಪನಿಗೆ ಮಾಡಿದ. ‘ಮೂರಲ್ಲ ಕಣ್ರೀ. ನಾಲ್ಕು. ನಾವು ನಾಲ್ಕು ಜನ.’ ‘ಯಾರು ಮಾತಾಡೋದು? ಓ, ಮಫ್ಲರು ಸಾರಾ! ದೊಡ್ಡ ಮಷೀನು ಹಾಕಿಸ್ತೀರಾ ಹಾಗಾದ್ರೆ?’ ‘ಇಲ್ಲ, ಸದ್ಯಕ್ಕೆ ಬೇಡ. ಆದ್ರೆ ಬರ್ಕೊಳ್ಳಿ. ನಾಲ್ಕು.’ ಆ ಕಡೆ ಎಲ್ಲೋ ಡ್ರಿಲ್ಲು ಓಡ್ತಿತ್ತು. ‘ಬೇಡದ ಮಷೀನಿಗೆ ಎಷ್ಟು ಜನ ಆದ್ರೇನು ಸಾರ್’ ಅಂದ ಅಂದಾಜಪ್ಪ, ಪಾಪ, ಒಳ್ಳೇ ಮನಸ್ಸಿಂದಲೇ. ‘ಐದು ಬೇಕಾದ್ರೂ ಬರ್ಕೊಳ್ತೀನಿ.’ ಫೋನು ಇಟ್ಟ ಮೇಲೆ ಅವನಿಗೆ ಹೊಳೀತು, ನಾಲ್ಕು ಅನ್ನೋಕೆ ಈಗ ಏನೂ ಖರ್ಚಿಲ್ಲ. ಎರಡೂವರೆ ತಿಂಗಳ ಸಂಬಳ ಇದ್ದಾಗ ಬಾಯಿಗೆ ಬರಲಿಲ್ಲ, ಪುಕ್ಕಟೆ ಆದ ಮೇಲೆ ಬಂತು.

ಸಂಜೆ ಬೇಗ ಹೊರಟ. ಬೀದೀಲಿ ಚಳಿ ಹಲ್ಲು ಕಡೀತಿತ್ತು, ಅಂಗಡಿಗಳ ಗಾಜಿನೊಳಗೆ ಜನ ಕೋಟು ಬಿಚ್ಚಿ ಕೂತಿದ್ರು. ಹೆಂಡತಿಗೆ ಸಂಜೆ ಪಾಳಿ, ಪಿಟೀಲು ಟ್ಯೂಷನ್ನಿಗೆ. ಬಾಗಿಲು ತೆಗೆದು ಸೀದಾ ಅಡುಗೆಮನೆಗೆ ಬಂದ, ಅವನ ಕನ್ನಡಕದ ಗಾಜು ಎರಡೂ ಬೆಳ್ಳಗಾಗಿ ಏನೂ ಕಾಣದ ಹಾಗಾಯ್ತು. ಹೊಸ್ತಿಲಲ್ಲೇ ಗೋಡೆಗೆ ಕೈ ಕೊಟ್ಟು ನಿಂತ. ಆಗ ತಿಳೀತು. ಕೋಟಿಂಗಂತೆ ಕೋಟಿಂಗು. ಚಳಿಯಿಂದ ಬಿಸಿಗೆ ಬಂದ್ರೆ ಯಾವ ಗಾಜಾದ್ರೂ ಮಂಜಾಗುತ್ತೆ, ಕನ್ನಡಕದ ಅಂಗಡಿಗೆ ಬಂದ ಮೊದಲನೇ ವಾರವೇ ಕಲಿಸೋದು ಅದು. ಅಷ್ಟು ಚಳಿಗಾಲ ಅವಳು ತನ್ನ ರೂಮಿಂದ ನಡುಮನೆಗೆ ಅಲ್ಲ, ಬೀದಿಯಿಂದ ಮನೆಯೊಳಗೆ ಬರ್ತಾ ಇದ್ಲು, ಅವನು ಎದುರಿಗೇ ಕೂತು ಗಾಜು ಬದಲಾಯಿಸಿಕೊಡ್ತಿದ್ದ.

ಒರೆಸಿಕೊಳ್ಳಲಿಲ್ಲ. ಕುರುಡಾಗೇ, ಕೈಯಲ್ಲಿ ತಡವರಿಸ್ತಾ, ಸ್ಟೂಲು ಸರಿಸಿ ಜಾಲರಿ ಮುಂದೆ ಮಂಡಿಯೂರಿ ಕೂತ. ಗಾಳಿ ಉಗುರುಬೆಚ್ಚಗೆ, ಮೆತ್ತಗೆ ಬರ್ತಿತ್ತು, ಮಲಗಿರೋರ ಉಸಿರಿನ ಹಾಗೆ. ಹಿಂದಿನ ರೂಮಿಗೂ ಪಾಲು ಹೋಗ್ತಿತ್ತಲ್ಲ ಈಗ. ಮೊದಲನೇ ಸಲ ಆ ರೂಮು ಕೇಳಿಸ್ತು. ಎಷ್ಟು ಹತ್ತಿರ! ಚಪ್ಪಲಿ ಸವರೋ ಸದ್ದು, ಲೋಟದಲ್ಲಿ ಚಮಚ, ಒಂದು ಸಣ್ಣ ಕೆಮ್ಮು, ಎಲ್ಲ ಅವನ ಕಿವಿಯೊಳಗೇ ಆಗ್ತಿದೆ ಅನ್ನೋ ಹಾಗೆ. ಶಾಲು ಮಡಿಸೋದೂ ಕೇಳಿಸ್ತು. ಹಾಗಾದ್ರೆ ಈ ಕಡೆಯದು ಆ ಕಡೆಗೆ ಹೇಗೆ ಕೇಳಿಸಿರಬೇಕು ಅಂತ ಅವನು ಅಂದಾಜು ಮಾಡೋಕೆ ಹೋಗಲಿಲ್ಲ. ಎದ್ದು ಹತ್ತು ಹೆಜ್ಜೆ ಹೋಗಿ ಬಾಗಿಲು ತಟ್ಟಬಹುದಿತ್ತು. ಬಾಗಿಲಾಚೆ ಮುಖ ಇರುತ್ತೆ.

‘ಅಮ್ಮಾ’ ಅಂದ.

ಚಮಚ ನಿಂತಿತು.

‘ನಾಲ್ಕು ಅಂತ ಹೇಳಿದೀನಮ್ಮ. ಅವನಿಗೆ. ಫೋನ್ ಮಾಡಿ ಹೇಳಿದೆ.’

ಆಮೇಲೆ ಚಪ್ಪಲಿ ಹತ್ತಿರಕ್ಕೆ ಬಂತು, ಒಂದೊಂದೇ ಹೆಜ್ಜೆ. ಟ್ರಂಕಿನ ಮುಚ್ಚಳ ಕಿರ್ ಅಂತು. ಮಂಡಿ ನೆಲಕ್ಕೆ ತಾಗಿದ ಸದ್ದು, ಮುದಿ ಮಂಡಿ, ಮೊದಲು ಒಂದು, ಆಮೇಲೆ ಇನ್ನೊಂದು. ಅವಳ ಉಸಿರು ಪೈಪಿನ ಆ ತುದೀಲಿ ಬಂದು ಕೂತಿತು. ಇಬ್ಬರ ನಡುವೆ ಒಂದು ಗೋಡೆ, ಒಂದು ತಗಡು, ಇನ್ನೇನೂ ಇಲ್ಲ.

‘ಇನ್ನೊಂದು ಹೇಳಬೇಕಮ್ಮ. ಆಸ್ಪತ್ರೆಯಿಂದ ನಿನ್ನ ಕರ್ಕೊಂಡು ಬಂದ ಸಂಜೆ, ನಾನು ಇಲ್ಲೇ ಕೂತು...’

‘ಮಾತಾಡಿ’ ಅಂತು ಪೈಪು.

ಅಮ್ಮನ ಈಗಿನ ದನಿ ಅಲ್ಲ ಅದು. ಕುರ್ಚಿ ಕೆಳಗೆ ಕೂತು ಕೇಳಿದ್ದ ದನಿ, ಗುರುತಿಲ್ಲದವರಿಗೆ ದಾರಿ ಮಾಡಿಕೊಡೋ ದನಿ, ಹಗುರವಾಗಿ, ನಯವಾಗಿ, ಬಹುವಚನದಲ್ಲಿ. ಅದು ಮುಗಿಯೋದೂ ಬಟ್ಟೆ ಒಳಗೆ ಹೋಗೋದೂ ಒಂದೇ ಸಲ ಆಯ್ತು. ಮಫ್ಲರು, ಟವೆಲ್ಲು, ಸ್ವೆಟರು, ಅವಸರ ಇಲ್ಲದೆ, ಒಂದೊಂದಾಗಿ; ಪ್ರತಿ ಸಲಕ್ಕೂ ಅವಳ ರೂಮು ಅಷ್ಟಷ್ಟು ದೂರ ಹೋಯ್ತು, ಕೊನೇಗೆ ಇಲ್ಲವೇ ಇಲ್ಲ ಅನ್ನೋಷ್ಟು. ಈ ಕಡೆ ಗಾಳಿ ಜೋರಾಯ್ತು. ಅವಳ ಪಾಲಿನ ಬಿಸಿಯೂ ಸೇರಿ ಭರ್ರಂತ ಅವನ ಮುಖಕ್ಕೆ ಬಡೀತು, ಕೆನ್ನೆ ಕಾದವು, ಗಾಜ ಮೇಲಿನ ಮಂಜು ಅಂಚಿಂದ ಕರಗ್ತಾ ಬಂದು ಎದುರಿನ ಜಾಲರಿಯ ಒಂದೊಂದು ಪಟ್ಟಿಯೂ ಸ್ಪಷ್ಟವಾಗಿ ಕಂಡವು. ಅದರಾಚೆಗಿನ ಕತ್ತಲೂ ಕಂಡಿತು.

ಅವನು ಮಾತಾಡಿದ.